ಎರಡು ಟಿ-ಟೆಸ್ಟಿನಲ್ಲಿ ಒಂದು ಸಿಗ್ನಿಫಿಕೆಂಟ್, ಇನ್ನೊಂದು ಅಲ್ಲ. ಅನೋವಾದಲ್ಲಿ ಇಂಟರಾಕ್ಷನ್ ಇಲ್ಲ. ಯಾವುದನ್ನು ಬರೆಯಬೇಕು?

ಕುಂದಾನಗರಿ (ಪ್ರಶ್ನೆ)

ನಮಸ್ಕಾರ. ಎಂಎ ಮನೋವಿಜ್ಞಾನದ ಕೊನೆಯ ಸೆಮಿಸ್ಟರ್ ಪ್ರಾಜೆಕ್ಟಿನ ಲೆಕ್ಕದಲ್ಲಿ ಒಂದು ಗಂಟು ಬಿದ್ದಿದೆ. ಪ್ರಯೋಗ ಗಮನ ಮತ್ತು ಸ್ವನಿಯಂತ್ರಣದ ಮೇಲೆ. 2×2 ವಿನ್ಯಾಸ (ಎರಡು ಫ್ಯಾಕ್ಟರ್, ಅಂದರೆ ಬದಲಿಸಿ ನೋಡುವ ಎರಡು ಅಂಶ, ಒಂದೊಂದಕ್ಕೂ ಎರಡು ಹಂತ), ನಾಲ್ಕು ಗುಂಪಿನಲ್ಲೂ ಬೇರೆ ಬೇರೆ ಜನ, ಗುಂಪಿಗೆ 20ರಂತೆ ಬೆಳಗಾವಿಯ ಪದವಿ ಕಾಲೇಜುಗಳ 80 ವಿದ್ಯಾರ್ಥಿಗಳು.

ಮೊದಲ ಫ್ಯಾಕ್ಟರ್ ಗಮನ. ಎಲ್ಲರಿಗೂ 6 ನಿಮಿಷದ, ದನಿಯಿಲ್ಲದ ಸಂದರ್ಶನದ ವಿಡಿಯೊ ತೋರಿಸಲಾಗಿದೆ. ಪರದೆಯ ಕೆಳಗೆ ಆಗಾಗ ಸಂಬಂಧವಿಲ್ಲದ ಪದಗಳು ಬಂದು ಹೋಗುತ್ತವೆ. ಅರ್ಧ ಜನರಿಗೆ "ಪದಗಳನ್ನು ನೋಡಬೇಡಿ, ಕಣ್ಣು ಅತ್ತ ಹೋದರೆ ಕೂಡಲೇ ಮುಖದ ಕಡೆ ತಂದುಕೊಳ್ಳಿ" ಎಂಬ ಸೂಚನೆ. ಉಳಿದವರು ಸುಮ್ಮನೆ ನೋಡುತ್ತಾರೆ. ಹೀಗೆ ಕಣ್ಣನ್ನು ತಡೆಯುವುದರಿಂದ ಸ್ವನಿಯಂತ್ರಣ ದಣಿಯುತ್ತದೆ ಎಂಬುದು ಲೆಕ್ಕ. ಎರಡನೇ ಫ್ಯಾಕ್ಟರ್ ಪಾನಕ: 200 ಮಿಲಿ ಲಿಂಬೆ ಶರಬತ್ತು, ಸಕ್ಕರೆ ಹಾಕಿದ್ದು ಅಥವಾ ಸುಕ್ರಲೋಸ್ (ಕ್ಯಾಲೊರಿ ಇಲ್ಲದ ಕೃತಕ ಸಿಹಿ) ಹಾಕಿದ್ದು. ಆಮೇಲೆ ಲ್ಯಾಪ್‌ಟಾಪಿನಲ್ಲಿ ಕನ್ನಡ ಸ್ಟ್ರೂಪ್ ಪರೀಕ್ಷೆ: ಬಣ್ಣದ ಹೆಸರು ಅದೇ ಬಣ್ಣದಲ್ಲೋ ಬೇರೆ ಬಣ್ಣದಲ್ಲೋ ಮೂಡುತ್ತದೆ, ಪದವನ್ನು ಬಿಟ್ಟು ಅಕ್ಷರದ ಬಣ್ಣಕ್ಕೆ ಕೀಲಿ ಒತ್ತಬೇಕು. ಅಳತೆ: ಪದ-ಬಣ್ಣ ಹೊಂದದ ಪ್ರಯತ್ನಗಳ ಸರಾಸರಿ ಸಮಯದಿಂದ ಹೊಂದುವ ಪ್ರಯತ್ನಗಳ ಸರಾಸರಿ ಸಮಯ ಕಳೆದದ್ದು, ಮಿಲಿಸೆಕೆಂಡಿನಲ್ಲಿ. ಹೆಚ್ಚಾದಷ್ಟೂ ನಿಯಂತ್ರಣ ಸಡಿಲ ಎಂದು ಅರ್ಥ.

ಸರಾಸರಿಗಳು (ಆವರಣದಲ್ಲಿ ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಚದುರುವಿಕೆಯ ಅಳತೆ, ಎಸ್‌ಡಿ):
ಸೂಚನೆ ಇಲ್ಲ, ಸಕ್ಕರೆ: 96 (36)
ಸೂಚನೆ ಇಲ್ಲ, ಸುಕ್ರಲೋಸ್: 100 (40)
ಸೂಚನೆ ಇದೆ, ಸಕ್ಕರೆ: 104 (38)
ಸೂಚನೆ ಇದೆ, ಸುಕ್ರಲೋಸ್: 132 (44)

ಸುಕ್ರಲೋಸ್ ಕುಡಿದವರಲ್ಲಿ ಸೂಚನೆಯಿಂದ 32 ಮಿಲಿಸೆಕೆಂಡ್ ವ್ಯತ್ಯಾಸ, ಟಿ(38) = 2.41, ಪಿ = 0.021 (ಟಿ-ಟೆಸ್ಟ್ ಎರಡು ಸರಾಸರಿಗಳನ್ನು ಹೋಲಿಸುತ್ತದೆ; ಪಿ ಅಂದರೆ ನಿಜದಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಕಾಣುವ ಸಂಭವ, 0.05ಕ್ಕಿಂತ ಕಡಿಮೆ ಇದ್ದರೆ ಸಿಗ್ನಿಫಿಕೆಂಟ್). ಸಕ್ಕರೆ ಕುಡಿದವರಲ್ಲಿ ಬರೀ 8, ಟಿ(38) = 0.68, ಪಿ = 0.50. ದಣಿದ ಸ್ವನಿಯಂತ್ರಣವನ್ನು ಸಕ್ಕರೆ ಮತ್ತೆ ಸರಿ ಮಾಡುತ್ತದೆ ಎಂಬ ನನ್ನ ಊಹೆ ಇದರಿಂದ ಸಾಬೀತಾದಂತೆ ಕಾಣುತ್ತದೆ. ಆದರೆ ಟೂ-ವೇ ಅನೋವಾ (ಎರಡು ಫ್ಯಾಕ್ಟರ್‌ಗಳ ಪರಿಣಾಮವನ್ನೂ, ಒಂದರ ಪರಿಣಾಮ ಇನ್ನೊಂದಕ್ಕೆ ತಕ್ಕಂತೆ ಬದಲಾಗುವುದನ್ನು, ಅಂದರೆ ಇಂಟರಾಕ್ಷನ್ನನ್ನೂ ಒಟ್ಟಿಗೆ ನೋಡುವ ಲೆಕ್ಕ) ಹಾಕಿದರೆ ಹೀಗೆ ಬರುತ್ತಿದೆ: ಗಮನ ಎಫ್(1, 76) = 5.10, ಪಿ = 0.027; ಪಾನಕ ಎಫ್ = 3.26, ಪಿ = 0.075; ಇಂಟರಾಕ್ಷನ್ ಎಫ್ = 1.84, ಪಿ = 0.18.

ವರದಿಯಲ್ಲಿ ಯಾವುದನ್ನು ಬರೆಯಬೇಕು? ಇನ್ನೊಂದು: ಎಲ್ಲರಿಂದಲೂ 13 ಪ್ರಶ್ನೆಗಳ ಸ್ವನಿಯಂತ್ರಣ ಮಾಪನವನ್ನೂ ತುಂಬಿಸಿದೆ. ಅದನ್ನು ಹೆಚ್ಚು/ಕಡಿಮೆ ಎಂದು ಎರಡು ಗುಂಪು ಮಾಡಿ ಮೂರನೇ ಫ್ಯಾಕ್ಟರ್ ಆಗಿ ಸೇರಿಸಬಹುದೇ?

ಗೋಳಗುಮ್ಮಟ

ಇಂಟರಾಕ್ಷನ್ ಸಾಲು ಬರೀರಿ. ನಿಮ್ಮ ಊಹೆಗೆ ಉತ್ತರ ಅದೊಂದೇ ಸಾಲಿನೊಳಗ ಅದ. ಆ ಎರಡು ಟಿ-ಟೆಸ್ಟಿನೊಳಗ ಇಲ್ಲ.

ಯಾಕಂದ್ರ, ನಿಮ್ಮ ಊಹೆ ಏನ್ ಹೇಳ್ತದ? ಸಕ್ಕರಿ ಕುಡದವ್ರೊಳಗ ಸೂಚನೆಯ ಪರಿಣಾಮ, ಸುಕ್ರಲೋಸ್ ಕುಡದವ್ರೊಳಗಿನ ಪರಿಣಾಮಕ್ಕಿಂತ ಕಡಿಮಿ ಅಂತ. ಅಂದ್ರ ಎರಡು ಅಂತರದ ನಡುವಿನ ಅಂತರ. ನೀವು ಮಾಡಿದ್ದು ಒಂದೊಂದು ಅಂತರಾನೂ ಸೊನ್ನಿ ಜೋಡಿ ಬ್ಯಾರೆ ಬ್ಯಾರೆ ಹೋಲಿಸಿದ್ದು. ಆ ಎರಡನ್ನೂ ಒಂದಕ್ಕೊಂದು ಹೋಲಿಸಿ ನೋಡೇ ಇಲ್ಲ.

ಕೈಯಿಂದನೂ ಲೆಕ್ಕಾ ಹಾಕಬಹುದು ನೋಡ್ರಿ, ಸಾಫ್ಟ್‌ವೇರ್ ಬೇಕಾಗಿಲ್ಲ. 132 − 100 = 32. 104 − 96 = 8. ಅಂತರದ ಅಂತರ 24. ಈಗ ಎರರ್, ಅಂದ್ರ ಗುಂಪಿನೊಳಗಿನ ಚದುರುವಿಕೆ: ನಾಲ್ಕೂ ಎಸ್‌ಡಿ ವರ್ಗ ಮಾಡ್ರಿ, 1296, 1600, 1444, 1936. ಗುಂಪು ಸಮ ಇರೋದರಿಂದ ಸರಾಸರಿ ಸಾಕು, 1569. ಇದೇ ಟೇಬಲ್ಲಿನ ಎರರ್ ಮೀನ್ ಸ್ಕ್ವೇರ್. ನಾಲ್ಕು ಸರಾಸರಿ ಕೂಡಿಸಿ ಕಳೀತಿರೋದರಿಂದ ಸ್ಟ್ಯಾಂಡರ್ಡ್ ಎರರ್ = √(4 × 1569 ÷ 20) = 17.7. 24ನ್ನ 17.7ರಿಂದ ಭಾಗಿಸಿದ್ರ ಟಿ = 1.355, ಅದರ ವರ್ಗ 1.84. ನಿಮ್ಮ ಎಫ್ ಬಂತಲ್ಲ. 95% ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಅಂತರ ಇರಬಹುದಾದ ಹರವು) −11ರಿಂದ 59 ಮಿಲಿಸೆಕೆಂಡ್.

ಒಂದೊಂದು ಪರಿಣಾಮದ ಇಂಟರ್ವಲ್ಲನ್ನೂ ಇದೇ ಎರರಿನಿಂದ ತಗೀರಿ: ಸುಕ್ರಲೋಸಿಗೆ 7ರಿಂದ 57, ಸಕ್ಕರಿಗೆ −17ರಿಂದ 33. 7ರಿಂದ 33ರ ತನಕ ಎರಡೂ ಒಂದರ ಮ್ಯಾಲೊಂದು ಕೂತಾವ. 0.021 ಮತ್ತ 0.50 ಅಂದ್ರ ಆಕಾಶ ಭೂಮಿ ಅಂತರ ಅನಸ್ತದ, ಆದ್ರ 0.05ರ ಗೆರಿ ಒಂದು ದಾಟಿದ್ದು, ಒಂದು ದಾಟದೇ ಇದ್ದದ್ದು ಬಿಟ್ರ ಅಲ್ಲಿ ಏನೂ ಇಲ್ಲ. ಈ ತಪ್ಪು ವಿದ್ಯಾರ್ಥಿಗಳದಷ್ಟ ಅಲ್ರಿ. 2011ರಾಗ ನ್ಯೂವೆನ್‌ಹೌಸ್ ಮತ್ತ ಜೊತಿಗಾರರು ದೊಡ್ಡ ನ್ಯೂರೋಸೈನ್ಸ್ ಪತ್ರಿಕೆಗಳ 513 ಲೇಖನ ಓದಿದರು. ಈ ತಪ್ಪಿಗೆ ಅವಕಾಶ ಇದ್ದದ್ದು 157ರೊಳಗ. 79ರಾಗ ಅದನ್ನ ಮಾಡಿದ್ರು.

ಹಂಗಂತ "ಇಂಟರಾಕ್ಷನ್ ಇಲ್ಲ ಅಂತ ಸಾಬೀತಾತು" ಅಂತನೂ ಬರೀಬ್ಯಾಡ್ರಿ. −11ರಿಂದ 59 ಅಂದ್ರ ಸಕ್ಕರಿ ಪೂರ್ತಿ ಪರಿಣಾಮ ಅಳಿಸಿರಬಹುದು, ಏನೂ ಮಾಡದೇ ಇರಬಹುದು, ಸ್ವಲ್ಪ ಉಲ್ಟಾನೂ ಮಾಡಿರಬಹುದು. ಇಷ್ಟು ಡೇಟಾದಿಂದ ತೀರ್ಮಾನ ಆಗೂದಿಲ್ಲ, ಅಷ್ಟ. ಊಹೆಗೆ ದಿಕ್ಕು ಇತ್ತು ಅಂತ ಈಗ ಒನ್-ಟೇಲ್ಡ್ (ಒಂದೇ ದಿಕ್ಕು ನೋಡೂ ಟೆಸ್ಟ್) ಮಾಡಿದ್ರೂ ಪಿ 0.09. ಅದನ್ನ ಫಲಿತಾಂಶ ನೋಡಿದ ಮ್ಯಾಲ ಮಾಡೂದು ಬ್ಯಾಡೇ ಬ್ಯಾಡ.

ಮಲಪ್ರಭಾ

ಗೋಳಗುಮ್ಮಟ ಅವರ ಲೆಕ್ಕ ಸರಿ. ಆದರೆ ಊಹೆಯ ಆಕಾರವನ್ನು ನೋಡಿ: ಮೂರು ಗುಂಪು ಸಮ, ನಾಲ್ಕನೆಯದು (ಸೂಚನೆ + ಸುಕ್ರಲೋಸ್) ಮಾತ್ರ ಎತ್ತರ. ಸಾಮಾನ್ಯ ಇಂಟರಾಕ್ಷನ್ ಟೆಸ್ಟ್ ಹುಡುಕುವುದು ಗ್ರಾಫಿನ ಎರಡು ಗೆರೆಗಳು ಸಮಾನಾಂತರದಿಂದ ಎಷ್ಟು ಸರಿದಿವೆ ಎಂಬುದನ್ನು. ಈ ಆಕಾರಕ್ಕೆ ಅದು ಬಲ ಕಡಿಮೆಯ ಟೆಸ್ಟ್. ಪ್ಲ್ಯಾನ್ಡ್ ಕಾಂಟ್ರಾಸ್ಟ್ (ಮೊದಲೇ ಆರಿಸಿದ ತೂಕಗಳಿಂದ ಗುಂಪುಗಳನ್ನು ಹೋಲಿಸುವುದು) ಹಾಕಬಹುದು, ತೂಕ −1, −1, −1, 3.

3 × 132 − (96 + 100 + 104) = 96. ಸ್ಟ್ಯಾಂಡರ್ಡ್ ಎರರ್ √(12 × 1569 ÷ 20) = 30.7. ಟಿ(76) = 3.13, ಪಿ 0.003ಕ್ಕಿಂತ ಕಡಿಮೆ. ಗುಂಪುಗಳ ನಡುವಿನ ಒಟ್ಟು ಸಮ್ ಆಫ್ ಸ್ಕ್ವೇರ್ (ವ್ಯತ್ಯಾಸಗಳ ವರ್ಗಗಳ ಮೊತ್ತ) 16000. ಅದರಲ್ಲಿ 15360 ಈ ಒಂದೇ ಕಾಂಟ್ರಾಸ್ಟಿಗೆ ಹೋಗುತ್ತದೆ. ಉಳಿದ 640 ಎರಡು ಡಿಗ್ರಿ ಆಫ್ ಫ್ರೀಡಂಗೆ (ಸ್ವತಂತ್ರವಾಗಿ ಬದಲಾಗಬಲ್ಲ ಲೆಕ್ಕಗಳ ಸಂಖ್ಯೆ), ಅಂದರೆ ಎರಡು ಡಿಎಫ್‌ಗೆ, ಎಫ್ 0.20. ಅಂದರೆ ಊಹೆಯ ಆಕಾರ ಬಿಟ್ಟು ಬೇರೆ ಏನೂ ಉಳಿದಿಲ್ಲ.

ಷರತ್ತು ಒಂದೇ: ಡೇಟಾ ಸಂಗ್ರಹಕ್ಕೆ ಮುಂಚೆ ಸಿನಾಪ್ಸಿಸ್‌ನಲ್ಲಿ ಈ ಆಕಾರವನ್ನು ಬರೆದಿರಬೇಕು.

ಘಟಪ್ರಭಾ ದಂಡೆ

ಮಲಪ್ರಭಾ ಅವರ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಸಿನಾಪ್ಸಿಸ್‌ನಲ್ಲಿ ಬರೆದಿದ್ದರೂ ಆ ಕಾಂಟ್ರಾಸ್ಟ್ "ಸಕ್ಕರೆ ಸರಿಪಡಿಸುತ್ತದೆ" ಎಂಬುದಕ್ಕೆ ಸಾಕ್ಷಿ ಆಗುವುದಿಲ್ಲ. ಹೀಗೆ ಪರೀಕ್ಷಿಸಿ ನೋಡಿ. ಇಂಟರಾಕ್ಷನ್ ಒಂದು ಚೂರೂ ಇಲ್ಲದ, ಎರಡು ಮುಖ್ಯ ಪರಿಣಾಮ ಮಾತ್ರ ಕೂಡಿದ ಸರಾಸರಿಗಳನ್ನು ತೆಗೆದುಕೊಳ್ಳಿ: 90, 106, 110, 126. ಗಮನದ ಪರಿಣಾಮ 20, ಪಾನಕದ್ದು 16, ಇವರ ಡೇಟಾದಲ್ಲಿ ಇದ್ದಷ್ಟೇ. ಎರಡು ಗೆರೆಗಳೂ ಸಮಾನಾಂತರ. ಈಗ ಅದೇ ಕಾಂಟ್ರಾಸ್ಟ್: 378 − 306 = 72, ಟಿ = 2.35, ಪಿ ಸುಮಾರು 0.02. ಇಂಟರಾಕ್ಷನ್ ಸೊನ್ನೆ ಇದ್ದಾಗಲೂ ಸಿಗ್ನಿಫಿಕೆಂಟ್ ಬರುವ ಕಾಂಟ್ರಾಸ್ಟ್ ಇಂಟರಾಕ್ಷನ್ನಿಗೆ ಸಾಕ್ಷಿ ಹೇಗಾದೀತು?

ಉಳಿಕೆ 640 ಸಣ್ಣದು ಎಂಬುದೂ ಒಂದೇ ಕಡೆಯ ಮಾತು. ಕೂಡುವ ಮಾದರಿಯ ಉಳಿಕೆ 2880, ಎಫ್ 1.84, ಅದೂ ಸಿಗ್ನಿಫಿಕೆಂಟ್ ಅಲ್ಲ. ಎರಡು ಮಾದರಿಗಳೂ ಈ ಡೇಟಾಕ್ಕೆ ಹೊಂದುತ್ತವೆ, ಯಾವುದನ್ನೂ ತಳ್ಳಿಹಾಕಲು ಆಗುವುದಿಲ್ಲ. ಕಾಂಟ್ರಾಸ್ಟ್ ಬರೆಯುವುದಿದ್ದರೆ ಬರೆಯಿರಿ, ಪಕ್ಕದಲ್ಲೇ ಇಂಟರಾಕ್ಷನ್ ಸಾಲನ್ನೂ ಇಡಿ.

ನಿಜವಾದ ತೊಂದರೆ ಸ್ಯಾಂಪಲ್ಲಿನದು. 32 ಮಿಲಿಸೆಕೆಂಡಿನ ಒಂಟಿ ವ್ಯತ್ಯಾಸವನ್ನು, ಎಸ್‌ಡಿ ಸುಮಾರು 40 ಇರುವಾಗ, 80% ಪವರಿನಿಂದ (ವ್ಯತ್ಯಾಸ ನಿಜ ಇದ್ದಾಗ ನೂರಕ್ಕೆ 80 ಸಲ ಸಿಗುವಂತೆ) ಹಿಡಿಯಲು ಗುಂಪಿಗೆ 25 ಜನ, ಒಟ್ಟು 50 ಸಾಕು. ಸಕ್ಕರೆ ಆ 32ನ್ನು ಪೂರ್ತಿ ಅಳಿಸುತ್ತದೆ ಎಂದುಕೊಂಡರೂ ಅದನ್ನು ಇಂಟರಾಕ್ಷನ್ ಆಗಿ ಹಿಡಿಯಲು ಗುಂಪಿಗೆ 49, ಒಟ್ಟು 196. ಅರ್ಧ ಮಾತ್ರ ಅಳಿಸಿದರೆ ಇಂಟರಾಕ್ಷನ್ 16ಕ್ಕೆ ಇಳಿಯುತ್ತದೆ, ಆಗ ಗುಂಪಿಗೆ 193, ಒಟ್ಟು 772. ಪರಿಣಾಮ ಅರ್ಧವಾದರೆ ಜನ ನಾಲ್ಕು ಪಟ್ಟು ಬೇಕು. ಇದರಿಂದ ತಪ್ಪಿಸಿಕೊಳ್ಳುವ ದಾರಿ ಇಲ್ಲ. 2×2 ವಿನ್ಯಾಸಕ್ಕೆ "ಗುಂಪಿಗೆ 20" ಎಂಬ ರೂಢಿ ಎಲ್ಲಿಂದ ಬಂತೋ, ಇಂಟರಾಕ್ಷನ್ ಕೇಳುವ ಪ್ರಶ್ನೆಗೆ ಅದು ಸಾಲದು.

ಇನ್ನು ಹಿನ್ನೆಲೆ ಅಧ್ಯಾಯ. ಸ್ವನಿಯಂತ್ರಣ ಬಳಸಿದಂತೆ ಖರ್ಚಾಗುತ್ತದೆ ಎಂಬ ವಾದ ಬಾಮೈಸ್ಟರ್ ಮತ್ತು ಜೊತೆಯವರ 1998ರ ಪ್ರಯೋಗಗಳಿಂದ ಹೆಸರಾಯಿತು. ನೀವು ಬಳಸಿದ ವಿಡಿಯೊ ವಿಧಾನ ಷ್ಮೈಕಲ್, ವೋಸ್, ಬಾಮೈಸ್ಟರ್ ಅವರ 2003ರ ಕೆಲಸದಲ್ಲಿದೆ. ಗ್ಲೂಕೋಸ್ ವಾದ ಗೈಲಿಯಟ್ ಮತ್ತು ಇತರರದು, 2007. ಇಷ್ಟಕ್ಕೇ ನಿಲ್ಲಿಸಿದರೆ ಅಧ್ಯಾಯ ಅರ್ಧವಾಗುತ್ತದೆ. 2010ರಲ್ಲಿ ಹ್ಯಾಗರ್ ತಂಡದ ಮೆಟಾ-ಅನಾಲಿಸಿಸ್ (ಅನೇಕ ಅಧ್ಯಯನಗಳನ್ನು ಕೂಡಿಸಿದ ಲೆಕ್ಕ) ಸರಾಸರಿ ಪರಿಣಾಮ 0.62 ಎಸ್‌ಡಿ ಎಂದಿತು. 2016ರಲ್ಲಿ ಅದೇ ಹ್ಯಾಗರ್ ಮುಂದಾಳತ್ವದಲ್ಲಿ 23 ಪ್ರಯೋಗಾಲಯಗಳು 2141 ಜನರ ಮೇಲೆ, ಮೊದಲೇ ನೋಂದಾಯಿಸಿದ ವಿಧಾನದಿಂದ ಮಾಡಿದಾಗ ಬಂದದ್ದು 0.04. 2021ರಲ್ಲಿ ವೋಸ್ ತಂಡ 36 ಪ್ರಯೋಗಾಲಯ, 3531 ಜನ: 0.06. ಗ್ಲೂಕೋಸ್ ಕಥೆಯೂ ಅಲುಗಾಡಿದೆ: 2012ರಲ್ಲಿ ಮೋಲ್ಡನ್ ಮತ್ತು ಇತರರು ಸಕ್ಕರೆಯ ದ್ರಾವಣವನ್ನು ಬಾಯಿ ಮುಕ್ಕಳಿಸಿ ಉಗಿದರೂ ಸ್ವನಿಯಂತ್ರಣ ಸುಧಾರಿಸುವುದನ್ನು ತೋರಿಸಿದರು. ನುಂಗದೇ ಇದ್ದರೆ ರಕ್ತದ ಸಕ್ಕರೆ ಏರುವ ಪ್ರಶ್ನೆಯೇ ಇಲ್ಲ. ಗಮನದ ಸಾಲಿನಲ್ಲಿ ಬಂದ 0.027ನ್ನು ಈ ಹಿನ್ನೆಲೆಯಲ್ಲಿ ಓದಿ, ಹಿಗ್ಗಬೇಡಿ.

13 ಪ್ರಶ್ನೆಗಳ ಮಾಪನವನ್ನು ಎರಡು ಹೋಳು ಮಾಡಬೇಡಿ. ಮೀಡಿಯನ್ನಿನಲ್ಲಿ, ಅಂದರೆ ನಟ್ಟನಡುವಿನ ಅಂಕದಲ್ಲಿ, ಕತ್ತರಿಸಿದರೆ ಆ ಮಾಪನ ವಿವರಿಸುತ್ತಿದ್ದ ವ್ಯತ್ಯಾಸದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೈತಪ್ಪುತ್ತದೆ, ಮೀಡಿಯನ್ನಿನ ಆಚೀಚೆ ಒಂದೇ ಅಂಕದ ಅಂತರದಲ್ಲಿರುವ ಇಬ್ಬರು ಬೇರೆ ಬೇರೆ ಜಾತಿಯವರಾಗುತ್ತಾರೆ. 2×2×2 ಮಾಡಿದರೆ ಸೆಲ್ಲಿಗೆ, ಅಂದರೆ ಒಂದೊಂದು ಗುಂಪಿಗೆ, 10 ಜನ. ಮೂರು-ಮಾರ್ಗದ ಇಂಟರಾಕ್ಷನ್ನಿಗೆ ಅದು ಏನೇನೂ ಅಲ್ಲ. ಅಂಕವನ್ನು ಹಾಗೇ ಇಟ್ಟು, ಸರಾಸರಿ ಕಳೆದು, ಕೋವೇರಿಯೆಟ್ (ಲೆಕ್ಕದಲ್ಲಿ ಜೊತೆಗೆ ಗಣಿಸುವ ಅಂಕ) ಆಗಿ ಹಾಕಿ. ಆದರೆ ಅದನ್ನು ವಿಡಿಯೊಗಿಂತ ಮುಂಚೆ ತುಂಬಿಸಿದ್ದರೆ ಮಾತ್ರ. ಸ್ಟ್ರೂಪ್ ಮುಗಿದ ಮೇಲೆ ತುಂಬಿಸಿದ್ದರೆ ಆ ಉತ್ತರಗಳ ಮೇಲೂ ಸೂಚನೆಯ ನೆರಳು ಬಿದ್ದಿರಬಹುದು, ಕೋವೇರಿಯೆಟ್ ಆಗಲು ಅದು ಅರ್ಹವಲ್ಲ. 13ರಲ್ಲಿ 9 ವಾಕ್ಯಗಳು ಉಲ್ಟಾ ಅಂಕದವು ಎಂಬುದು ನೆನಪಿರಲಿ. ಅವನ್ನು ತಿರುಗಿಸದೆ ಕೂಡಿಸಿದರೆ ಕ್ರಾನ್‌ಬ್ಯಾಕ್ ಆಲ್ಫಾ (ಪ್ರಶ್ನೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) ಪಾತಾಳಕ್ಕೆ ಇಳಿಯುತ್ತದೆ, ಕೆಲವೊಮ್ಮೆ ಮೈನಸ್ಸೇ ಬರುತ್ತದೆ.

ಇಳಕಲ್ ಸೆರಗು

ಅನೋವಾ ಬಗ್ಗೆ ಜಗಳ ನಡೆಯಲಿ. ಅದಕ್ಕೂ ಮೊದಲು ಆ ನಾಲ್ಕು ಸರಾಸರಿಗಳು ಎಲ್ಲಿಂದ ಬಂದವು ಎಂದು ನೋಡಬೇಕು. ಒಬ್ಬನೇ ಒಬ್ಬ ವಿದ್ಯಾರ್ಥಿಯ ಅಂಕ ಇರಬೇಕಾದುದಕ್ಕಿಂತ 120 ಮಿಲಿಸೆಕೆಂಡ್ ಹೆಚ್ಚು ಬಿದ್ದರೆ 20 ಜನರ ಸೆಲ್ಲಿನ ಸರಾಸರಿ 6 ಏರುತ್ತದೆ. ಚರ್ಚೆಯಲ್ಲಿರುವ ಇಂಟರಾಕ್ಷನ್ 24. ಅಂಥ ನಾಲ್ಕು ಜನ ಒಂದೇ ಸೆಲ್ಲಿನಲ್ಲಿದ್ದರೆ ಕಥೆ ಮುಗಿಯಿತು.

ಪ್ರಯತ್ನಗಳ ಮಟ್ಟದಲ್ಲಿ ಶುಚಿ ಮಾಡುವ ಕ್ರಮ: ಅಭ್ಯಾಸದ ಪ್ರಯತ್ನ ತೆಗೆಯಿರಿ, ತಪ್ಪು ಉತ್ತರ ತೆಗೆಯಿರಿ, 200 ಮಿಲಿಸೆಕೆಂಡಿಗಿಂತ ಬೇಗ ಬಂದದ್ದು ತೆಗೆಯಿರಿ (ಬಣ್ಣ ನೋಡುವ ಮೊದಲೇ ಬೆರಳು ಒತ್ತಿದ್ದು), ಮೇಲಿನ ಮಿತಿ ಒಂದನ್ನು, ಉದಾಹರಣೆಗೆ 2500, ಎಲ್ಲರಿಗೂ ಒಂದೇ ಇಡಿ. ಆಮೇಲೆ ಪ್ರತಿಯೊಬ್ಬರಿಗೂ ಹೊಂದುವ, ಹೊಂದದ ಎರಡು ಸರಾಸರಿ, ಅವುಗಳ ವ್ಯತ್ಯಾಸ. ಮೀಡಿಯನ್ ಬಳಸಿದರೂ ಸರಿ, ಆದರೆ ಎರಡೂ ಮಾಡಿ ಚೆನ್ನಾಗಿ ಬಂದದ್ದನ್ನು ಆರಿಸಬೇಡಿ. ತಪ್ಪುಗಳ ಪ್ರಮಾಣವನ್ನು ಗುಂಪುವಾರು ಬೇರೆ ಟೇಬಲ್ಲಿನಲ್ಲಿ ಕೊಡಿ. ಸೂಚನೆ ಪಡೆದ ಗುಂಪು ನಿಧಾನವಾಗಿ ಆದರೆ ತಪ್ಪಿಲ್ಲದೆ ಮಾಡಿದ್ದರೆ ಅದು ಸ್ವನಿಯಂತ್ರಣದ ಕುಸಿತವಲ್ಲ, ಎಚ್ಚರಿಕೆ.

ಒಬ್ಬರಿಗೆ ಒಂದೇ ಸಾಲು ಇರಬೇಕು. 80 ಜನ × 96 ಪ್ರಯತ್ನ ಎಂದು 7680 ಸಾಲುಗಳನ್ನು ಹಾಗೇ ಅನೋವಾಕ್ಕೆ ಹಾಕಿದರೆ ಎಲ್ಲವೂ ಸಿಗ್ನಿಫಿಕೆಂಟ್ ಬರುತ್ತದೆ, ಯಾಕೆಂದರೆ ಒಬ್ಬರದೇ 96 ಉತ್ತರಗಳನ್ನು 96 ಜನರಂತೆ ಎಣಿಸಿದ್ದಾಯಿತು. ಎರರ್ ಡಿಎಫ್ ನೋಡಿದರೆ ಕೂಡಲೇ ತಿಳಿಯುತ್ತದೆ: 80 − 4 = 76. ನಿಮ್ಮದು 76 ಇದೆ, ಆ ಭಯ ಇಲ್ಲ.

ಒಟ್ಟಾರೆ ವೇಗವನ್ನೂ ನೋಡಿ. ನಿಧಾನವಾಗಿ ಉತ್ತರಿಸುವವರಲ್ಲಿ ವ್ಯತ್ಯಾಸವೂ ದೊಡ್ಡದಾಗಿ ಕಾಣುತ್ತದೆ. ಸೂಚನೆ + ಸುಕ್ರಲೋಸ್ ಗುಂಪು ಎಲ್ಲದರಲ್ಲೂ ನಿಧಾನವಿದ್ದರೆ 132ರ ಒಂದು ಪಾಲು ಅದರಿಂದಲೇ ಬಂದಿರಬಹುದು. ಉತ್ತರಿಸಿದ ಸಮಯದ ಲಾಗರಿದಮ್ ಕಂಡುಹಿಡಿದು ಅದೇ ಅನೋವಾ ಓಡಿಸಿ. ಗೆರೆಗಳು ಅಡ್ಡ ದಾಟದ ಇಂಟರಾಕ್ಷನ್ ಅಳತೆಗೋಲು ಬದಲಾದರೆ ಮಾಯವಾಗಬಲ್ಲದು. ಹಾಗಾದರೆ ಅದನ್ನೂ ಬರೆಯಬೇಕು.

ಈಗ ನಮ್ಮ ಭಾಗಕ್ಕೇ ವಿಶೇಷವಾದದ್ದು. ಸ್ಟ್ರೂಪ್ ನಿಂತಿರುವುದೇ ಪದವನ್ನು ಓದದೆ ಇರಲಾಗದ ಅಭ್ಯಾಸದ ಮೇಲೆ. ಬೆಳಗಾವಿಯಲ್ಲಿ 80 ಜನರನ್ನು ಹಿಡಿದರೆ ಕನ್ನಡ ಮಾಧ್ಯಮ, ಮರಾಠಿ ಮಾಧ್ಯಮ, ಉರ್ದು ಮಾಧ್ಯಮ ಎಲ್ಲವೂ ಇರುತ್ತವೆ. ಮರಾಠಿ ಮಾಧ್ಯಮದಲ್ಲಿ ಓದಿದವರು ಕನ್ನಡ ಸರಾಗ ಮಾತಾಡಿದರೂ "ಹಳದಿ" ಎಂಬ ಅಕ್ಷರಗಳು ಅವರ ಕಣ್ಣನ್ನು ಅಷ್ಟು ಬಲವಾಗಿ ಎಳೆಯುವುದಿಲ್ಲ. ಅವರ ಅಂಕ ಸಣ್ಣದಾಗಿ ಬರುತ್ತದೆ, ನೀವು ಅದನ್ನು ಒಳ್ಳೆಯ ಸ್ವನಿಯಂತ್ರಣ ಎಂದು ಓದುತ್ತೀರಿ. ಅಂಥವರು ಯಾವ ಸೆಲ್ಲಿನಲ್ಲಿ ಎಷ್ಟು ಬಿದ್ದಿದ್ದಾರೆ ಎಂದು ಮೊದಲು ಎಣಿಸಿ. ಮುಂದೆ ಮಾಡುವವರು ಮಾಧ್ಯಮವಾರು ಪಟ್ಟಿ ಮಾಡಿ, ಪ್ರತಿ ಪಟ್ಟಿಯೊಳಗೆ ನಾಲ್ಕರ ಬ್ಲಾಕಿನಲ್ಲಿ ಚೀಟಿ ಎತ್ತಿ ಗುಂಪು ಹಂಚಬೇಕು. ಇಲ್ಲವೇ ದೇವನಾಗರಿ ಪದಗಳ ಇನ್ನೊಂದು ಆವೃತ್ತಿ ಇಟ್ಟುಕೊಳ್ಳಬೇಕು.

ಕನ್ನಡ ಪದಗಳನ್ನು ಪ್ರಯೋಗದ ತಂತ್ರಾಂಶಕ್ಕೆ ನೇರ ಟೈಪ್ ಮಾಡಿದರೆ ಕೊಂಬು, ಎತ್ವ ಒಡೆದು ಕಾಣುವುದುಂಟು. "ಕೆಂಪು" ಪೂರ್ತಿ ಸರಿ ಮೂಡದಿದ್ದರೆ ಓದುವ ಅಭ್ಯಾಸ ಅಲ್ಲೇ ಮುರಿಯಿತು. ಪ್ರತಿ ಪದ-ಬಣ್ಣ ಜೋಡಿಯನ್ನೂ ಪಿಎನ್‌ಜಿ ಚಿತ್ರ ಮಾಡಿ ಹಾಕುವುದೇ ಕ್ಷೇಮ. ಹೊಂದುವ, ಹೊಂದದ ಪ್ರಯತ್ನಗಳು ಸಮಸಮ ಇರಲಿ, 48 ಮತ್ತು 48. ಹೊಂದುವವು ಜಾಸ್ತಿಯಾದರೆ ಓದುವುದೇ ಲಾಭ ಎನ್ನಿಸಿ ವ್ಯತ್ಯಾಸ ತಾನೇ ದೊಡ್ಡದಾಗುತ್ತದೆ. ಕೀಲಿಗಳಿಗೆ ಬಣ್ಣದ ಸ್ಟಿಕ್ಕರ್ ಅಂಟಿಸಿದರೂ ಕನಿಷ್ಠ 20 ಅಭ್ಯಾಸದ ಪ್ರಯತ್ನ ಬೇಕು. ಕೆಂಪು-ಹಸಿರು ಬಣ್ಣಗುರುಡಿನ ತಪಾಸಣೆಗೆ ಇಶಿಹಾರ ಪುಸ್ತಕ (ಬಣ್ಣದ ಚುಕ್ಕೆಗಳಲ್ಲಿ ಅಂಕಿ ಅಡಗಿದ ಚಿತ್ರಗಳದು) ಸಾಕು.

ಶರಬತ್ತಿನ ವಿಷಯ. 200 ಮಿಲಿಗೆ ಸಕ್ಕರೆ 30 ಗ್ರಾಂ ಹಾಕಿದ್ದರೆ ಸುಮಾರು 120 ಕಿಲೊಕ್ಯಾಲೊರಿ. ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ, ಶುದ್ಧವಾದದ್ದಾದರೆ 50 ಮಿಲಿಗ್ರಾಂ ಸಾಕು. ಅಂಗಡಿಯ ಪುಡಿಯಲ್ಲಿ ತೂಕ ತುಂಬಲು ಬೇರೆ ಪದಾರ್ಥ ಬೆರೆತಿರುತ್ತದೆ. ತೂಕ ಹಿಡಿಯದೆ, ಡಬ್ಬಿಯ ಮೇಲೆ "ಇಷ್ಟು ಚಮಚ ಸಕ್ಕರೆಗೆ ಸಮ" ಎಂದು ಕೊಟ್ಟ ಲೆಕ್ಕ ಹಿಡಿಯಿರಿ. ಚಿಟಿಕೆ ಉಪ್ಪು, ಏಲಕ್ಕಿ ಹಾಕಿದರೆ ಸುಕ್ರಲೋಸಿನ ಕೊನೆಯ ರುಚಿ ಮುಚ್ಚುತ್ತದೆ. ಬೆರೆಸಿದವರೇ ಲೋಟ ಕೊಟ್ಟರೆ, ಸ್ಟ್ರೂಪ್ ಮಾಡಿಸಿದರೆ ಬ್ಲೈಂಡಿಂಗ್, ಅಂದರೆ ಯಾರಿಗೆ ಯಾವ ಪಾನಕ ಎಂಬುದನ್ನು ಮರೆಮಾಡುವುದು, ಇಲ್ಲ. ಬಾಟಲಿಗಳಿಗೆ "ಕ", "ಖ" ಎಂದು ಮಾತ್ರ ಬರೆದು, ಯಾವುದು ಯಾವುದೆಂಬ ಚೀಟಿಯನ್ನು ಮೂರನೆಯವರು ಲೆಕ್ಕ ಮುಗಿಯುವ ತನಕ ಇಟ್ಟುಕೊಳ್ಳಬೇಕು. ಮಧುಮೇಹ ಇರುವವರನ್ನು ಒಪ್ಪಿಗೆ ಪತ್ರದ ಹಂತದಲ್ಲೇ ಹೊರಗಿಡಬೇಕು. ಶ್ರಾವಣ ಸೋಮವಾರ, ಏಕಾದಶಿ, ರಂಜಾನ್ ದಿನಗಳಲ್ಲಿ ಉಪವಾಸ ಇದ್ದವರು ಬಂದರೆ ಹಸಿವೇ ಒಂದು ಮೂರನೇ ಫ್ಯಾಕ್ಟರ್ ಆಗುತ್ತದೆ. ಕೊನೆಯ ಊಟ ಎಷ್ಟು ಹೊತ್ತಿಗೆ ಎಂಬ ಪ್ರಶ್ನೆ ಹಾಳೆಯಲ್ಲಿ ಇರಲೇಬೇಕು. ಏಪ್ರಿಲ್-ಮೇ ಮಧ್ಯಾಹ್ನದ ಬಿಸಿಲಿನಲ್ಲಿ ತಂಪು ಶರಬತ್ತು ಕುಡಿದವರನ್ನು ಬೆಳಿಗ್ಗೆ 9ಕ್ಕೆ ಕುಡಿದವರ ಜೊತೆ ಹೋಲಿಸಬೇಡಿ. ಒಂದು ಸೆಲ್ ಪೂರ್ತಿ ಬೆಳಿಗ್ಗೆ, ಇನ್ನೊಂದು ಪೂರ್ತಿ ಮಧ್ಯಾಹ್ನ ಆಗಿದ್ದರೆ ಯಾವ ಅನೋವಾವೂ ಅದನ್ನು ಬಿಡಿಸಲಾರದು.

ಕುಂದಾನಗರಿ

ಎಲ್ಲರಿಗೂ ಧನ್ಯವಾದ. ಇಳಕಲ್ ಸೆರಗು ಹೇಳಿದ ಕ್ರಮದಲ್ಲಿ ಶುಚಿ ಮಾಡಿದಾಗ ತಪ್ಪುಗಳು ಕಾಲು ಭಾಗ ಮೀರಿದ 5 ಜನ ಹೊರಗೆ ಹೋಗುತ್ತಾರೆ. ಸೆಲ್ಲುಗಳು 20, 18, 19, 18 ಆಗುತ್ತವೆ. ಮರಾಠಿ ಮಾಧ್ಯಮದವರು ನಾಲ್ಕೂ ಸೆಲ್ಲಿನಲ್ಲಿ ಹೆಚ್ಚೂಕಡಿಮೆ ಸಮ ಇದ್ದಾರೆ. ಈಗ ಎಸ್‌ಪಿಎಸ್‌ಎಸ್ ಮತ್ತು ಆರ್ ಎಂಬ ಎರಡು ತಂತ್ರಾಂಶಗಳಲ್ಲೂ ಓಡಿಸಿದರೆ ಮುಖ್ಯ ಪರಿಣಾಮಗಳ ಎಫ್ ಬೇರೆ ಬೇರೆ ಬರುತ್ತಿದೆ. ಯಾವುದು ಸರಿ?

ಘಟಪ್ರಭಾ ದಂಡೆ

ಸೆಲ್ಲುಗಳು ಸಮ ಇಲ್ಲದಿದ್ದಾಗ ಎರಡು ಫ್ಯಾಕ್ಟರ್‌ಗಳು ಪರಸ್ಪರ ಸ್ವಲ್ಪ ತಳುಕು ಹಾಕಿಕೊಳ್ಳುತ್ತವೆ. ಆ ತಳುಕಿನ ಪಾಲು ಯಾರಿಗೆ ಎಂಬ ಪ್ರಶ್ನೆಗೆ ಎರಡು ತಂತ್ರಾಂಶ ಎರಡು ಉತ್ತರ ಕೊಡುತ್ತವೆ, ಅಷ್ಟೇ. ಎಸ್‌ಪಿಎಸ್‌ಎಸ್ ತಾನಾಗಿ ಟೈಪ್ 3 ಸಮ್ ಆಫ್ ಸ್ಕ್ವೇರ್ (ತಳುಕಿನ ಪಾಲನ್ನು ಯಾವ ಫ್ಯಾಕ್ಟರ್‌ಗೂ ಕೊಡದ್ದು) ಕೊಡುತ್ತದೆ, ಜಮೋವಿ, ಜಾಸ್ಪ್ ಕೂಡ. ಆರ್‌ನ ಮೂಲ ಅನೋವಾ ಕೊಡುವುದು ಟೈಪ್ 1: ಮೊದಲು ಬರೆದ ಫ್ಯಾಕ್ಟರ್ ತಳುಕಿನ ಪಾಲನ್ನೂ ಬಾಚಿಕೊಳ್ಳುತ್ತದೆ. ಗಮನವನ್ನು ಮೊದಲು ಬರೆದು ಒಮ್ಮೆ, ಪಾನಕವನ್ನು ಮೊದಲು ಬರೆದು ಒಮ್ಮೆ ಓಡಿಸಿ ನೋಡಿ, ಸಂಖ್ಯೆ ಬದಲಾಗುತ್ತದೆ.

ನಿಮ್ಮದು ಪ್ರಯೋಗ, ಸೆಲ್ಲುಗಳು ಅಸಮ ಆದದ್ದು ಆಕಸ್ಮಿಕ, ಜನಸಂಖ್ಯೆಯಲ್ಲಿ ಹಾಗಿದೆ ಎಂದಲ್ಲ. ಟೈಪ್ 3 ಬರೆಯಿರಿ. ಆರ್‌ನಲ್ಲಿಯೇ ಟೈಪ್ 3 ತೆಗೆಯುವುದಾದರೆ ಫ್ಯಾಕ್ಟರ್‌ಗಳ ಕೋಡಿಂಗನ್ನು ಮೊದಲು ಸಮ್ ಕಾಂಟ್ರಾಸ್ಟಿಗೆ, ಅಂದರೆ +1 ಮತ್ತು −1ಕ್ಕೆ, ಬದಲಿಸಬೇಕು. 0 ಮತ್ತು 1ರ ಕೋಡಿಂಗ್ ಹಾಗೇ ಬಿಟ್ಟರೆ "ಗಮನದ ಮುಖ್ಯ ಪರಿಣಾಮ" ಎಂಬ ಸಾಲಿನಲ್ಲಿ ಬರುವುದು 0 ಎಂದು ಕೋಡ್ ಆದ ಪಾನಕದ, ಉದಾಹರಣೆಗೆ ಸಕ್ಕರೆಯ, ಗುಂಪೊಂದರ ಒಳಗಿನ ಪರಿಣಾಮ. ಯಾವ ಎಚ್ಚರಿಕೆಯೂ ಮೂಡುವುದಿಲ್ಲ.

ಸಮಾಧಾನದ ವಿಷಯವೆಂದರೆ ಇಂಟರಾಕ್ಷನ್ ಸಾಲಿನ ಎಫ್ ಟೈಪ್ 1, 2, 3 ಮೂರರಲ್ಲೂ ಒಂದೇ. ಅದೂ ಎರಡು ತಂತ್ರಾಂಶದಲ್ಲಿ ಬೇರೆ ಬಂದರೆ ಡೇಟಾ ಫೈಲೇ ಬೇರೆ ಇದೆ ಎಂದು ಹುಡುಕಿ. ಎರರ್ ಡಿಎಫ್ ಈಗ 75 − 4 = 71 ಇರಬೇಕು.

ಹೊರಗಿಟ್ಟ 5 ಜನರ ಬಗ್ಗೆ: 25% ತಪ್ಪಿನ ನಿಯಮವನ್ನು ಸೆಲ್ಲಿನ ಹೆಸರು ಮರೆಮಾಡಿದ ಫೈಲಿನ ಮೇಲೆ ಹಾಕಿ. ಯಾವ ಸೆಲ್ಲಿನಿಂದ ಎಷ್ಟು ಜನ ಹೋದರು ಎಂದು ಬರೆಯಿರಿ. 80 ಜನರ ಫಲಿತಾಂಶ, 75 ಜನರದು, ಎರಡೂ ಇರಲಿ. ಮಾಧ್ಯಮವನ್ನು ಮೂರನೇ ಕಾಲಂ ಆಗಿ ಮಾದರಿಗೆ ಸೇರಿಸಿದರೆ ಎರರ್ ಸ್ವಲ್ಪ ಇಳಿಯಬಹುದು.

ಫಲಿತಾಂಶ ಅಧ್ಯಾಯಕ್ಕೆ ಈ ಥರದ ಒಂದು ಪ್ಯಾರಾ ಸಾಕು (80 ಜನರ ಲೆಕ್ಕದಲ್ಲಿ): "ಗಮನ ನಿಯಂತ್ರಣದ ಸೂಚನೆ ಪಡೆದವರಲ್ಲಿ ಸ್ಟ್ರೂಪ್ ವ್ಯತ್ಯಾಸ 20 ಮಿಲಿಸೆಕೆಂಡ್ ಹೆಚ್ಚಿತ್ತು, ಎಫ್(1, 76) = 5.10, ಪಿ = 0.027, ಪಾರ್ಶಿಯಲ್ ಈಟಾ ಸ್ಕ್ವೇರ್ 0.06. ಪಾನಕದ ಪರಿಣಾಮ ಸ್ಪಷ್ಟವಾಗಲಿಲ್ಲ, ಎಫ್ = 3.26, ಪಿ = 0.075. ಊಹಿಸಿದ ಇಂಟರಾಕ್ಷನ್ 24 ಮಿಲಿಸೆಕೆಂಡ್, 95% ಇಂಟರ್ವಲ್ −11ರಿಂದ 59, ಎಫ್ = 1.84, ಪಿ = 0.18. ಆದ್ದರಿಂದ ಸೂಚನೆಯ ಪರಿಣಾಮ ಪಾನಕಕ್ಕೆ ತಕ್ಕಂತೆ ಬದಲಾಗುತ್ತದೆ ಎಂದು ಈ ಡೇಟಾದಿಂದ ಹೇಳಲಾಗದು." ನಾಲ್ಕು ಸರಾಸರಿಗಳ ಗ್ರಾಫ್ ಹಾಕಿ, ಎರರ್ ಬಾರ್ ಎಸ್‌ಡಿಯೋ, ಸ್ಟ್ಯಾಂಡರ್ಡ್ ಎರರೋ, 95% ಇಂಟರ್ವಲ್ಲೋ ಎಂದು ಕೆಳಗೆ ಬರೆಯಿರಿ. ಸಾಧ್ಯವಾದರೆ ಒಬ್ಬೊಬ್ಬರ ಅಂಕವನ್ನೂ ಚುಕ್ಕೆಯಾಗಿ ಹಾಕಿ.

ಗೋಳಗುಮ್ಮಟ

ಒಂದು ಮಾತು ಬಿಟ್ಟುಹೋಗಿತ್ತು. ಮುಂದಿನ ಬ್ಯಾಚಿನವ್ರು ಇದನ್ನ ಮಾಡ್ತಾರಂದ್ರ ವಿಡಿಯೊಕ್ಕಿಂತ ಮೊದ್ಲ ಒಂದು ಸಣ್ಣ ಸ್ಟ್ರೂಪ್ ಮಾಡಿಸಿ ಅದನ್ನ ಕೋವೇರಿಯೆಟ್ ಇಡಬಹುದು. ಮೊದ್ಲಿನ ಅಂಕಕ್ಕೂ ಕಡೀದಕ್ಕೂ ಸಹಸಂಬಂಧ 0.6 ಇದ್ರ ಎರರ್ ವೇರಿಯನ್ಸ್ 36% ಇಳೀತದ. ಇದೇ 24 ಮಿಲಿಸೆಕೆಂಡ್ ಹಿಡೀಲಿಕ್ಕೆ ಗುಂಪಿಗೆ 86ರ ಬದ್ಲಿ 55 ಜನ ಸಾಕಾಗ್ತಾರ. ಆದ್ರ ಸ್ಟ್ರೂಪ್ ವ್ಯತ್ಯಾಸದ ಅಂಕಕ್ಕ ಅಷ್ಟು ಸಹಸಂಬಂಧ ಸುಮ್ನ ಸಿಗೂದಿಲ್ಲ, ಕಡಿಮಿ ಪ್ರಯತ್ನ ಕೊಟ್ರಂತೂ ಇಲ್ಲೇ ಇಲ್ಲ. ಮತ್ತ ಮೊದಲ ಸ್ಟ್ರೂಪೇ ಎಲ್ಲಾರ್ನೂ ದಣಿಸಿಬಿಟ್ರ ಸೂಚನೆ ಇಲ್ಲದ ಗುಂಪು ಅಂತ ಇಟ್ಟಿದ್ದಕ್ಕ ಅರ್ಥ ಉಳಿಯೂದಿಲ್ಲ. 10-15 ಜನರ ಮ್ಯಾಲ ಪೈಲಟ್ ಮಾಡಿ, ಎರಡರ ನಡುವ ಅರ್ಧಾ ತಾಸು ಬಿಟ್ಟು, ಸಹಸಂಬಂಧ ಎಷ್ಟು ಬರ್ತದ ನೋಡ್ರಿ. ಇಷ್ಟು ಮಂದಿಯಿಂದ ಬರೂದು ಬರೇ ಅಂದಾಜು, ಆದ್ರೂ 0.2ರ ಆಸುಪಾಸು ಬಂದ್ರ ಆ ಮೊದಲ ಸ್ಟ್ರೂಪ್ ಕೈಬಿಟ್ಟು ಮಂದಿನ್ನ ಹೆಚ್ಚು ಮಾಡ್ರಿ.